ಪಿಕಪ್ಪಿಗೆ ಉಡಿ ತುಂಬಿದ ಮಂಗಳವಾರ

ನಾನು ಚಿಕ್ಕವಳಿದ್ದಾಗ, ಮಂಗಳವಾರ ಬೆಳಿಗ್ಗೆ ದೇವರ ಹಿತ್ತಾಳೆ ಸಾಮಾನು ತಿಕ್ಕುವುದು ನನ್ನ ಪಾಲಿನ ಕೆಲಸವಾಗಿತ್ತು. ಅವತ್ತೂ ಹುಣಸೆಹಣ್ಣು, ಒಲೆಯ ಬೂದಿ ಇಟ್ಟುಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತಿದ್ದೆ. ಆರತಿ ತಟ್ಟೆ ಅರ್ಧ ಬೆಳಗಿತ್ತು, ಇನ್ನರ್ಧ ಕಪ್ಪಾಗೇ ಇತ್ತು. ನೀರಿಗೆ ಹೋಗಿದ್ದ ಅಕ್ಕ ಖಾಲಿ ಕೊಡ ಹಿಡಿದುಕೊಂಡೇ ಓಡಿ ಬಂದಳು.

"ಅವ್ವಾ, ದೊಡ್ಡಪ್ಪ ಗುಜರಿಯವನ್ನ ಕರಕೊಂಡು ಬಂದಾನ. ಬಂಡ್ಯಾಗ ತಕ್ಕಡಿ ಐತಿ, ಸುತಗಿ ಐತಿ."

ಗುಜರಿಯವನು ಬಂದದ್ದು ನಮ್ಮ ಪಿಕಪ್ಪನ್ನು ಒಡೆದು ಒಯ್ಯಲಿಕ್ಕೆ.

ಆ ಪಿಕಪ್ಪಿನ ಕಥೆ ಹೇಳುತ್ತೇನೆ, ಕೇಳಿರಿ. ಅಪ್ಪ ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿ ಅದೇ ಗಾಡಿಯ ಡ್ರೈವರ್ ಆಗಿದ್ದ. ಸಿಮೆಂಟು, ಸಲಿಕೆ, ಕೂಲಿಯವರು, ಅವರ ರೊಟ್ಟಿ ಗಂಟು, ಎಲ್ಲವನ್ನೂ ಹೇರಿಕೊಂಡು ಕಾಲುವೆ ತೋಡುವಲ್ಲಿಗೆ ಹೋಗುತ್ತಿದ್ದ. ಕಾಲುವೆ ನಮ್ಮೂರು ದಾಟಿ ಮುಂದೆ ಹೋಯಿತು, ಅಪ್ಪನ ಕೆಲಸವೂ ಹೋಯಿತು. ಮುದಿಯಾದ ಪಿಕಪ್ಪು ಜಾಲಿಗಿಡದ ಕೆಳಗೆ ಎರಡು ಮಳೆಗಾಲ ನೆನೆಯಿತು. ಕೊನೆಗೆ ಅದನ್ನು ಲಿಲಾವಿಗೆ ಹಾಕಿದಾಗ ಕೂಗುವವರೇ ಇಲ್ಲದೆ ಅಪ್ಪನಿಗೆ ಸಿಕ್ಕಿತು. ಕಾಲುವೆಗೆ ನೀರು ಬಿಟ್ಟ ಮೇಲೆ ಎಲ್ಲರ ಹೊಲದಲ್ಲೂ ಬೆಳೆ ಬರುತ್ತದೆ, ಶಹಾಪುರದ ಪೇಟೆಗೆ ಹೇರುವವರು ಬೇಕೇ ಬೇಕು ಎಂಬುದು ಅಪ್ಪನ ಲೆಕ್ಕ. ಕೈಯಲ್ಲಿದ್ದದ್ದೆಲ್ಲ ಅದರ ಮೇಲೆ ಸುರಿದಾಗಿತ್ತು. ಗಾಡಿ ಓಡಿದರೆ ನಮಗೆ ಊಟ, ಓಡದಿದ್ದರೆ ಇಲ್ಲ.

ಎರಡು ಜೋಡಿ ಎತ್ತು ಕಟ್ಟಿ ಅದನ್ನು ಊರಿಗೆ ಎಳೆದು ತಂದ ದಿನ ಕಟ್ಟೆಯ ಮೇಲೆ ಕೂತವರು, "ನೋಡ್ರಿ, ಡ್ರೈವರ್ ಸಾಹೇಬ್ರು ಬಂಡಿ ಹೊಡಕೊಂಡು ಬಂದಾರ" ಎಂದು ನಕ್ಕರು. ಅಪ್ಪ ತಿರುಗಿ ನೋಡಲಿಲ್ಲ. ಅವ್ವ ನೋಡಿದಳು. ಚೆನ್ನಾಗಿಯೇ ನೋಡಿದಳು.

ಆಮೇಲೆ ಆರು ತಿಂಗಳು ನಮ್ಮ ಮನೆಯಲ್ಲಿ ಎಲ್ಲರ ಉಗುರೂ ಕೆಂಪು. ಇಟ್ಟಿಗೆ ಚೂರಿನಿಂದ ತುಕ್ಕು ಉಜ್ಜಿದೆವು. ತೂತು ಬಿದ್ದ ತಳಕ್ಕೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಕಮ್ಮಾರರ ಮನೆಯ ಅಜ್ಜ ತೇಪೆ ಹೊಡೆದ. ಹಿಂದಿನ ಹಲಗೆಗೆ ನಮ್ಮ ಹಿತ್ತಲ ಬಾಗಿಲನ್ನೇ ಕಿತ್ತು ಹಾಕಿದೆವು. ಹಿತ್ತಲಿಗೆ ಗೋಣಿತಟ್ಟಿನ ಪರದೆ ಸಾಕಾಯಿತು. ಅವ್ವ ಹಳೆ ಸೀರೆಗಳನ್ನು ಒಟ್ಟಿ ಸೀಟಿಗೆ ಕೌದಿ ಹೊಲಿದಳು. ಬಣ್ಣ ಕೊಳ್ಳುವುದು ನಮ್ಮಿಂದ ಆಗದ ಮಾತು. ಕುಸುಬಿ ಎಣ್ಣೆಯನ್ನು ಬಯಲಿನಲ್ಲಿ ಕಪ್ಪಗಾಗುವ ತನಕ ಕಾಯಿಸಿ, ಕೆಮ್ಮಣ್ಣು ಕಲಸಿ ಬಳಿದೆವು. ಕಣ್ಣು ಉರಿಯುವಂಥ ವಾಸನೆ, ಮೂರು ದಿನ ಬೆಕ್ಕು ಕೂಡ ಮನೆಗೆ ಬರಲಿಲ್ಲ. ಆದರೆ ಒಣಗಿದ ಮೇಲೆ ಅರಗಿನ ಹಾಗೆ ಗಟ್ಟಿಯಾಗಿ ಕೂತಿತು. ಮುಂದಿನ ಗಾಜು ಒಡೆದಿರಲಿಲ್ಲ, ಅದೊಂದು ಪುಣ್ಯ. ಇಲಿ ವೈರು ಕಡಿದಿರಲಿಲ್ಲ, ಅದೊಂದು. ದೇವರು ಕೊಟ್ಟದ್ದನ್ನು ಹೀಗೆ ಒಂದೊಂದಾಗಿ ನೆನೆಯುವುದನ್ನು ಅವ್ವ ನಮಗೆ ಆಗಲೇ ಕಲಿಸಿದ್ದು.

ಗಾಡಿ ನಿಂತ ಅಂಗಳ ಮಾತ್ರ ದೊಡ್ಡಪ್ಪನ ಪಾಲಿನದು. ಕಣಕಿ, ಅಂದರೆ ಜೋಳದ ಒಣ ದಂಟಿನ ಬಣವೆ ಒಟ್ಟಲು ಅವನಿಗೆ ಜಾಗ ಬೇಕಿತ್ತು. ಅಮಾವಾಸ್ಯೆಯೊಳಗೆ ಗಾಡಿ ತೆಗೆಯದಿದ್ದರೆ ಗುಜರಿಗೆ ಹಾಕುತ್ತೇನೆಂದು ಗಡುವು ಕೊಟ್ಟಿದ್ದ. ಅದು ಸೋಮವಾರಕ್ಕೆ ಮುಗಿಯಿತು. ಎಂಜಿನ್ನಿಗೆ ಪೆಟ್ರೋಲು ಕುಡಿಸುವ ಕಾರ್ಬೊರೇಟರ್ ಒಂದು ಶಹಾಪುರದ ಮಿಸ್ತ್ರಿಯ ಹತ್ತಿರ ಉಳಿದಿತ್ತು. ಅದನ್ನು ತರಲು ಅಪ್ಪ ಮಂಗಳವಾರ ಮೊದಲನೇ ಬಸ್ಸಿಗೇ ಹೋಗಿದ್ದ. ಅವನಿಲ್ಲದ ಹೊತ್ತಿಗೇ ಗುಜರಿ ಬಂಡಿ ಬಂತು.

ಅಕ್ಕನ ಮಾತು ಕೇಳಿ ಅವ್ವ ಒಂದು ಗಳಿಗೆ ದೇವರ ಜಗಲಿಯ ಮುಂದೆ ನಿಂತಳು. ಆಮೇಲೆ ಪೆಟ್ಟಿಗೆ ತೆಗೆದು ಅಕ್ಕನಿಗೆಂದು ಇಟ್ಟಿದ್ದ ಹೊಸ ಕುಬುಸದ ಖಣ ಹೊರಗೆ ತೆಗೆದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ, ಉತ್ತತ್ತಿ ಇಟ್ಟುಕೊಂಡಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವಳ ಸೆರಗಿಗೆ ಇದನ್ನೆಲ್ಲ ಹಾಕುತ್ತೇವಲ್ಲ, ಉಡಿ ತುಂಬುವುದು, ಅದರ ಸಾಮಾನು.

"ಯಾರಿಗವ್ವಾ ಉಡಿ?" ಎಂದಳು ಅಕ್ಕ.

"ಪಿಕಪ್ಪಿಗೆ."

"ಹಂಗಾರ ಅದರ ಗಂಡ ಯಾರು?"

"ಕ್ಯಾಂಪಿನಾಗ ರೋಡ್ ರೋಲರ್ ಐತಲ್ಲ, ಅದು. ಸುಮ್ನ ಉತ್ತತ್ತಿ ಎಣಸು."

ಹೊರಗೆ ಗುಜರಿಯವನು ಇನ್ನೂ ನೊಗದಿಂದ ಎತ್ತು ಬಿಚ್ಚುತ್ತಿದ್ದ. ಅವ್ವ ಪಿಕಪ್ಪಿನ ಬಾಗಿಲು ತೆಗೆದು ಕೌದಿ ಸೀಟಿನ ಮೇಲೆ ಖಣ ಹಾಸಿ, ಐದು ಹಿಡಿ ಅಕ್ಕಿ ಹಾಕಿ, ಉಳಿದದ್ದನ್ನೆಲ್ಲ ಅದರ ಮೇಲಿಟ್ಟು ಗಂಟು ಕಟ್ಟಿದಳು. ಬಾನೆಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದಳು. ಓಣಿಯವರು ಬಂದು ನಿಂತರು.

ನಮ್ಮ ಕಡೆ ಸೊಸೆಯಾದವಳು ಗಂಡನ ಅಣ್ಣನ ಹತ್ತಿರ ಎದುರೆದುರು ಮಾತಾಡುವ ಪದ್ಧತಿ ಇರಲಿಲ್ಲ. ಎರಡು ಮಾರು ದೂರದಲ್ಲಿ ನಿಂತಿದ್ದರೂ ಅವ್ವ ಮತ್ತು ದೊಡ್ಡಪ್ಪನ ಮಾತು ನನ್ನ ಮೂಲಕವೇ ಹಾಯಬೇಕು.

"ನಿಮ್ಮವ್ವಗ ಕೇಳು, ಏನಿದು ಹುಚ್ಚಾಟ ಅಂತ."

"ನಿಮ್ಮ ದೊಡ್ಡಪ್ಪಗ ಹೇಳು, ಈಕಿ ನಮ್ಮ ಮನಿ ಮಗಳು, ಉಡಿ ತುಂಬೀನಿ. ಮಂಗಳವಾರ ಮಗಳನ್ನ ಮನಿಯಿಂದ ಕಳಸಂಗಿಲ್ಲ."

ಜನ ದೊಡ್ಡಪ್ಪನ ಮುಖ ನೋಡಿದರು. ಮಂಗಳವಾರ, ಶುಕ್ರವಾರ ಮಗಳನ್ನು ಕಳಿಸಿದರೆ ಮನೆಯ ಲಕ್ಷ್ಮಿ ಅವಳ ಬೆನ್ನ ಹಿಂದೆ ಹೋಗುತ್ತಾಳೆ ಎಂದು ನಮ್ಮಲ್ಲಿ ನಂಬಿಕೆ. ಹೋದ ಮಂಗಳವಾರವಷ್ಟೇ ದೊಡ್ಡಪ್ಪನ ಮಗಳನ್ನು ಕರೆದೊಯ್ಯಲು ಅಳಿಯ ಬಂಡಿ ಕಟ್ಟಿಕೊಂಡು ಬಂದಾಗ, ದೊಡ್ಡಪ್ಪ ತಾನೇ ಎತ್ತು ಬಿಚ್ಚಿ, "ಬುಧವಾರ ಒಯ್ಯಪ್ಪ" ಎಂದು ಅವನನ್ನು ಒಂದು ದಿನ ಕೂಡಿಸಿಕೊಂಡಿದ್ದ.

ದೊಡ್ಡಪ್ಪ ಮೀಸೆ ತಿಕ್ಕಿಕೊಂಡ. "ಯಾವ ಮಗಳಿಗೆ ನಾಕು ಗಾಲಿ ಅದಾವ, ಕೇಳು. ಇದು ಜಂಗು ತಿಂದ ತಗಡು. ಬಂದಷ್ಟು ರೊಕ್ಕ ನಿಮ್ಮಪ್ಪನ ಕೈಯಾಗ ಇಡ್ತೀನಿ."

ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನನ್ನು ಬದಿಗೆ ಸರಿಸಿದಳು. ತಲೆಯ ಮೇಲಿನ ಸೆರಗು ಅಲ್ಲಾಡಲಿಲ್ಲ. "ಸುತಗಿ ಎತ್ತಿಸ್ರಿ ಭಾವಾರ" ಎಂದು ಮೊದಲ ಸಲ ಅವನಿಗೇ ನೇರ ಹೇಳಿದಳು. "ನಾ ಇದರಾಗ ಕುಂದ್ರತೀನಿ. ನನ್ನೂ ಸೇರಿಸಿ ತೂಕ ಮಾಡ್ಸ್ರಿ."

ಗಾಡಿ ಹತ್ತಿ ಹಿಂದಿನ ಹಲಗೆಯ ಮೇಲೆ ಕೂತೇಬಿಟ್ಟಳು. ಅಕ್ಕನೂ ಹತ್ತಿದಳು, ನಾನೂ ಹತ್ತಿದೆ. ಗುಜರಿಯವನು ನಗು ತಡೆಯಲಾರದೆ ಮತ್ತೆ ಎತ್ತು ಹೂಡಿದ.

"ಉಡ್ಯಾಗಿನ ಅಕ್ಕಿ ಚೆಲ್ಲಿ ಕಬ್ಬಣ ಒಯ್ಯಾಂವ ನಾ ಅಲ್ರಿ ಯಜಮಾನ್ರ. ನಮ್ಮ ಮನ್ಯಾಗೂ ಹೆಣ್ಣಮಕ್ಕಳು ಅದಾರ. ನಾಳಿ ಬರ್ತೀನಿ, ಆಗ ನೋಡೂಣು."

ಹಾಗೆ ಒಂದು ದಿನ ಸಿಕ್ಕಿತು. ಅವ್ವ ಕೆಳಗಿಳಿಯಲಿಲ್ಲ. ಜೋಳ ತರಿಸಿಕೊಂಡು ಅಲ್ಲೇ ಹಸನು ಮಾಡಿದಳು. ಬಿಸಿಲಿಗೆ ತಗಡು ಕಾದು ಕಾಲಿಗೆ ಚುರುಕ್ ಎನ್ನುತ್ತಿತ್ತು. ಅಂಗಳದ ಬೇವಿನ ಮರದ ನೆರಳು ಮಧ್ಯಾಹ್ನದ ಮೇಲೆ ನಮ್ಮ ಕಡೆ ಹೊರಳಿತು, ಅದೂ ಒಂದು ಪುಣ್ಯವೇ.

ದನ ಮನೆಗೆ ತಿರುಗುವ ಹೊತ್ತಿಗೆ ಅಪ್ಪ ಬಂದ. ಕಾರ್ಬೊರೇಟರ್ ಟವೆಲಿನಲ್ಲಿ ಸುತ್ತಿಕೊಂಡು, ಕೂಸನ್ನು ಹಿಡಿದ ಹಾಗೆ ಎದೆಗೆ ಹಿಡಿದಿದ್ದ. ನಡೆದದ್ದನ್ನು ಅಕ್ಕ ಹೇಳುತ್ತಿದ್ದಂತೆಯೇ ಬಾನೆಟ್ ಎತ್ತಿ ಕೆಲಸಕ್ಕಿಳಿದ. ಎಲ್ಲ ಕೂಡಿಸಿ, ಮುಂದೆ ಬಂದು ಹ್ಯಾಂಡಲ್ ಹಾಕಿ ತಿರುಗಿಸಿದ. ಗಾಡಿ ಕೆಮ್ಮಿತು. ಮತ್ತೆ ತಿರುಗಿಸಿದ, ಸುಮ್ಮನಾಯಿತು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಕಟ್ಟೆಯ ಮೇಲಿನವರು ಅಂಗಳದ ತನಕ ಬಂದಿದ್ದರು. ನಾನು ಕಣ್ಣು ಮುಚ್ಚಿ ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಏಳನೆಯದೋ ಎಂಟನೆಯದೋ ತಿರುವಿಗೆ ಢಬ್ ಎಂದು ಹೊಗೆ ಹಾರಿ, ಇಡೀ ಗಾಡಿ ನಡುಗುತ್ತ ಗುಡುಗಲು ಶುರುಮಾಡಿತು. ಕೋಳಿಗಳು ಗೋಡೆ ಹಾರಿದವು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಅತ್ತಳೋ ನಕ್ಕಳೋ ಕಾಣಲಿಲ್ಲ.

ದೊಡ್ಡಪ್ಪ ನನ್ನನ್ನು ಕರೆದ. "ಚಾಲೂ ಆತಲ್ಲ, ಈಗ ಅಂಗಳ ಖಾಲಿ ಮಾಡಂತ ಹೇಳು."

"ಮಂಗಳವಾರ ಇನ್ನೂ ಮುಗಿದಿಲ್ಲ ಅನ್ನು" ಎಂದಳು ಅವ್ವ.

ದೊಡ್ಡಪ್ಪ ಹೋಗಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ತೇಪೆ ಮುಟ್ಟಿ ನೋಡಿ, ಮತ್ತೆ ನನ್ನ ಕಡೆ ಬಾಗಿದ. "ನಿಮ್ಮಪ್ಪಗ ಕೇಳು, ಹೊಲದಿಂದ ಕಣಕಿ ಹೇರಿಕೊಂಡು ಬರ್ತದೇನಿದು?"

ಅಪ್ಪ ಕೈ ಒರೆಸಿಕೊಳ್ಳುತ್ತ, "ಬರ್ತದ. ಬಾಡಿಗಿ ಎಲ್ಲರಿಗೂ ಒಂದೇ ಅನ್ನು" ಎಂದ.

ಬುಧವಾರ ಮೊದಲ ಬಾಡಿಗೆ ದೊಡ್ಡಪ್ಪನದೇ. ಆ ಗಾಡಿ ನಮ್ಮನ್ನು ಬಹಳ ವರ್ಷ ಸಾಕಿತು, ಅಕ್ಕನ ಮದುವೆ ಮಾಡಿತು, ನನ್ನದೂ ಮಾಡಿತು. ಆದರೆ ಅವ್ವ ಆಡಿದ ಮಾತು ಅವ್ವನನ್ನೂ ಕಟ್ಟಿಹಾಕಿತ್ತು. ಎಂಥ ಬಾಡಿಗೆ ಬಂದರೂ ಮಂಗಳವಾರ, ಶುಕ್ರವಾರ ನಮ್ಮ ಪಿಕಪ್ಪು ಮನೆ ಬಿಟ್ಟು ಹೊರಡಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಮನೆ ಮುಂದೆ ಬಿಳಿ ಕಾರು ಇದೆ. ಅದಕ್ಕೆ ಮಂಗಳವಾರವೂ ಇಲ್ಲ, ಶುಕ್ರವಾರವೂ ಇಲ್ಲ. ಒಂದು ಗೀರು ಬಿದ್ದರೆ ಮನೆಮಂದಿಯೆಲ್ಲ ಮುಖ ಸಣ್ಣ ಮಾಡುತ್ತೀರಿ. ನಮ್ಮದರಲ್ಲಿ ಗೀರಿಲ್ಲದ ಜಾಗವೇ ಇರಲಿಲ್ಲ. ಮಿಕ್ಸಿ ಕೆಟ್ಟರೆ ನಿಮ್ಮಪ್ಪ ಮೊಬೈಲಿನಲ್ಲೇ ಹೊಸದು ತರಿಸುತ್ತಾನೆ, ನೀವು "ಆಯಿ, ಹಳೇದು ಒಗದುಬಿಡು" ಎನ್ನುತ್ತೀರಿ. ನಾನು ಒಗೆಯುವುದಿಲ್ಲ. ಬಿಚ್ಚಿ ನೋಡುತ್ತೇನೆ. ನಗುವುದಿದ್ದರೆ ನಗಿರಿ, ಕಟ್ಟೆಯ ಮೇಲಿನವರೂ ನಕ್ಕಿದ್ದರು. ಈಗ ಏಳುತ್ತೇನೆ, ಒಲೆಯ ಮೇಲೆ ಎಸರು ಕುದಿಯುತ್ತಿದೆ, ರೊಟ್ಟಿಗೆ ಹಿಟ್ಟು ನಾದಬೇಕು.