ಎಡಗಡೆಯ ಹಿಡಿಕೆ

ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕುವ ವಾಸನೆ ಎಲ್ಲಿಂದಲಾದರೂ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮಂದಿಗೆ ಅದು ಹಬ್ಬದ ವಾಸನೆ. ನನಗದು ಗಜೇಂದ್ರಗಡದ ನಮ್ಮ ಮನೆಯ ಹಿತ್ತಲು, ಖಂಡೇನವಮಿಯ ಒಂದು ಬೆಳಗು. ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ದೀಪದ ಸಮೆ, ತಂಬಿಗೆ ತಿಕ್ಕುತ್ತಿದ್ದ ದೊಡ್ಡವ್ವ. ಅಂಗಡಿಯ ತಕ್ಕಡಿಯನ್ನು ತೊಳೆಯಲು ತಂದು ನಿಂತ ಅವಳ ಗಂಡ, ನಮ್ಮ ದೊಡ್ಡಪ್ಪ. ಕಂಬಕ್ಕೆ ಒರಗಿ ಬಿಸಿಲು ಕಾಯಿಸುತ್ತಿದ್ದ, ಕಣ್ಣು ಕಾಣದ ಆಯಿ, ಅಂದರೆ ನಮ್ಮಪ್ಪನ ಅವ್ವ. ಮತ್ತೆ ಹತ್ತು ವರ್ಷದ ನಾನು. ನಮ್ಮ ಕಾಕಾ ಮಾತ್ರ ಬಾಳೆಕಂಬ ತರಲು ಪೇಟೆಗೆ ಹೋಗಿದ್ದ. ಅವನೊಬ್ಬ ಅಲ್ಲಿದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಮೂರು ಅಂಗಡಿ ಎದ್ದಿವೆ, ಆ ಮಂದಿಯಲ್ಲಿ ಯಾರೂ ಉಳಿದಿಲ್ಲ. ಸಿಟ್ಟೊಂದು ಉಳಿದಿದೆ. ಅದನ್ನಾದರೂ ಚೊಕ್ಕಾಗಿ ಇಟ್ಟುಕೊಂಡಿದ್ದೇನೆ.

ಕಾಕಾ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಡಬ್ಬಿಗಳಿಗೆ ಬಾಗಿಲು, ಕಿಡಕಿ, ಹಿಡಿಕೆ ಕೂಡಿಸುವುದು ಅವನ ಕೆಲಸ. ಸೊಂಟ ಹಿಡಿದು ಅವಧಿಗೆ ಮೊದಲೇ ನೌಕರಿ ಬಿಟ್ಟು ಬಂದಾಗ ಒಂದು ಟ್ರಂಕು, ಒಂದು ಹಾಸಿಗೆ ಮತ್ತು ಗೇಣುದ್ದದ ನಾಲ್ಕು ರೈಲುಡಬ್ಬಿ ತಂದ. ಮದುವೆಯಾಗಿರಲಿಲ್ಲ. ನಮ್ಮ ಊರಿಗೆ ಅವತ್ತೂ ರೈಲು ಇರಲಿಲ್ಲ, ಇವತ್ತೂ ಇಲ್ಲ. ಸಿಳ್ಳೆ ಕೇಳಬೇಕೆಂದರೆ ರೋಣ ದಾಟಿ ಮಲ್ಲಾಪುರ ಸ್ಟೇಷನ್ನಿಗೆ ಹೋಗಬೇಕು. ಅದಕ್ಕೇ ದೊಡ್ಡಪ್ಪ ಅಂಗಡಿಗೆ ಬಂದ ಗಿರಾಕಿಗಳ ಮುಂದೆಲ್ಲ, "ಊರಿಗೆ ರೈಲ ಬರಲಿಲ್ರಿ, ನಮ್ಮ ಮನಿಗೆ ಮಾತ್ರ ಬಂದು ನಿಂತೈತಿ. ಟಿಕೀಟ ಬೇಕಾದ್ರ ನಮ್ಮ ತಮ್ಮನ್ನ ಕೇಳ್ರಿ," ಎಂದು ನಗಿಸುತ್ತಿದ್ದ. ಕಾಕಾ ತಾನೂ ನಗುತ್ತಿದ್ದ. ಅವನು ನಗುತ್ತಿದ್ದುದೇ ನನಗೆ ಸೇರುತ್ತಿರಲಿಲ್ಲ.

ಆ ಡಬ್ಬಿಗಳು ಅಂಗಡಿಯಿಂದ ಬಂದಾಗ ಬರೀ ಮಕ್ಕಳ ಆಟಿಗೆ. ಬಾಗಿಲ ಪಕ್ಕದ ಹಿಡಿಕೆ ಎಂದರೆ ಪ್ಲಾಸ್ಟಿಕ್ಕಿನ ಮೈಮೇಲೆ ಉಬ್ಬಿದ ಒಂದು ಗೆರೆ, ಅಷ್ಟೇ. ಮುಂಬಯಿಯಿಂದ ಅಂಚೆಯಲ್ಲಿ ಒಂದು ಸಣ್ಣ ಪೊಟ್ಟಣ ಬರುತ್ತಿತ್ತು. ಕಾಕಾ ಅದನ್ನು ‘ಕಿಟ್ಟು’ ಎನ್ನುತ್ತಿದ್ದ. ಅದರಲ್ಲಿ ಕೂದಲಿಗಿಂತ ತುಸುವೇ ದಪ್ಪನೆಯ ಹಿತ್ತಾಳೆ ತಂತಿ, ಹಪ್ಪಳದಂಥ ತೆಳು ಹಿತ್ತಾಳೆ ತಗಡಿನಲ್ಲಿ ಕೊರೆದ ಮೆಟ್ಟಿಲು, ಕಿಡಕಿಯ ಸರಳು, ಮಾಳಿಗೆಯ ಮೇಲೆ ಕೂಡಿಸುವ ಗಾಳಿಗಿಂಡಿ. ಕಾಕಾ ಕೂತನೆಂದರೆ ಮೊದಲು ಬ್ಲೇಡಿನಿಂದ ಆ ಸುಳ್ಳು ಗೆರೆಯನ್ನು ಹೆರೆದು ತೆಗೆಯುವನು. ಆಮೇಲೆ ಸೂಜಿಯಂಥ ಬೈರಿಗೆಯನ್ನು ಎರಡು ಬೆರಳಲ್ಲಿ ಹೊಸೆಯುತ್ತ ತೂತು ಕೊರೆದು, ತಂತಿಯನ್ನು ಚಿಮಟಿಗೆಯಲ್ಲಿ ಬಗ್ಗಿಸಿ, ಉಸಿರು ಬಿಗಿ ಹಿಡಿದು ಒಳಗೆ ಇಳಿಸುವನು. ಗೋಡೆಯಿಂದ ಎದ್ದು ನಿಂತ ಹಿಡಿಕೆ! ಅದರ ಹಿಂದೆ ಬೆಳಕು ಹಾಯುತ್ತಿತ್ತು. "ನೋಡು ಪಾರಿ, ಈಗ ಇದನ್ನ ಹಿಡದು ಹತ್ತಬಹುದು," ಎನ್ನುತ್ತಿದ್ದ. ಅಂಟಿನ ಖಾರ ವಾಸನೆ, ಅವನ ನಶ್ಯದ ಘಾಟು, ಹೆರೆದ ಪ್ಲಾಸ್ಟಿಕ್ಕಿನ ಸುರುಳಿ ಸುರುಳಿ ಚೂರು. ಆ ಕೋಣೆಯೊಂದರಲ್ಲೇ ನಮ್ಮ ಮನೆಯಲ್ಲಿ ಯಾರೂ ಯಾರ ಮೇಲೂ ಜೋರು ಮಾಡುತ್ತಿರಲಿಲ್ಲ.

ಇನ್ನು ಆಯಿಯ ಮಾತು. ಆಯಿ ತನ್ನ ಜನ್ಮದಲ್ಲಿ ರೈಲು ಹತ್ತಿದ್ದು ಒಂದೇ ಸಲ. ಅವಳ ಗಂಡ, ನಮ್ಮ ಮುತ್ಯಾ, ಮನೆಯಲ್ಲಿ ಜಗಳಾಡಿ ಸೊಲ್ಲಾಪುರದ ಗಿರಣಿಗೆ ಓಡಿಹೋಗಿ ವರ್ಷವಾದರೂ ಸುದ್ದಿಯಿಲ್ಲ. ಹದಿನೆಂಟರ ಆಯಿ ಹಾಲು ಬಿಡದ ಕೂಸನ್ನು ಬಗಲಲ್ಲಿ ಕಟ್ಟಿಕೊಂಡು, ಲಕ್ಕಲಕಟ್ಟಿಯವರ ಚಕ್ಕಡಿ ಹಿಡಿದು ಮಲ್ಲಾಪುರ ಮುಟ್ಟಿದಳು. ಅಷ್ಟರಲ್ಲಿ ರೈಲು ಹೊರಟೇಬಿಟ್ಟಿತ್ತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಡಬ್ಬಿಯ ಹಿಡಿಕೆ. ಒಳಗಿದ್ದ ಯಾರೋ ಹೆಣ್ಣುಮಗಳು ರಟ್ಟೆ ಹಿಡಿದು ಎಳೆದುಕೊಳ್ಳುವ ತನಕ ಜೋತುಬಿದ್ದೇ ಇದ್ದಳಂತೆ. ಗಿರಣಿಯ ಬಾಗಿಲಲ್ಲಿ ಮೂರು ದಿನ ನಿಂತು ಗಂಡನನ್ನು ಕರಕೊಂಡೇ ಬಂದಳು. ಆ ಬಗಲಿನ ಕೂಸು ಬೇರೆ ಯಾರೂ ಅಲ್ಲ, ನಮ್ಮ ದೊಡ್ಡಪ್ಪ.

ಆದರೆ ದೊಡ್ಡಪ್ಪನ ಅಂಗಡಿಯಲ್ಲಿ ಮುತ್ಯಾನ ಫೋಟೋದ ಕೆಳಗೆ ಬೇರೆ ಕಥೆ ನಡೆಯುತ್ತಿತ್ತು. ಮುತ್ಯಾ ವ್ಯಾಪಾರ ಕಲಿಯಲೆಂದೇ ಹೋಗಿದ್ದ, ಕಲಿತು ತಾನಾಗಿಯೇ ಬಂದ, ನೂಲಿನ ಅಂಗಡಿ ಇಟ್ಟ, ಇಷ್ಟೇ. ಹೆಂಡತಿ ಹೋಗಿ ಕರೆತಂದಳು ಎಂದರೆ ಫೋಟೋದ ಹಾರಕ್ಕೆ ಕುಂದಲ್ಲವೆ! ಆಯಿ ಬಾಯಿ ತೆರೆದರೆ, "ಅವ್ವಾ, ನೀ ರೋಣದ ಆಚಿ ಏನೂ ಕಂಡಿಲ್ಲ. ಕಣ್ಣ ಹೋದಮ್ಯಾಗ ಕನಸು ಜಾಸ್ತಿ ಆಗ್ಯಾವ ನಿನಗ," ಎನ್ನುತ್ತಿದ್ದ. ನಮ್ಮಪ್ಪ ಸುಮ್ಮನಿರುತ್ತಿದ್ದ. ಅಣ್ಣನ ಮುಂದೆ ಅವನು ಯಾವಾಗಲೂ ಸುಮ್ಮನೇ.

ಒಂದು ಮಧ್ಯಾಹ್ನ ಕಾಕಾ, ಹೊಸದಾಗಿ ಹಿಡಿಕೆ ಕೂಡಿಸಿದ ಡಬ್ಬಿಯನ್ನು ಸುಮ್ಮನೆ ಆಯಿಯ ಕೈಗೆ ಕೊಟ್ಟ. ಆಯಿಯ ಬೆರಳು ಬಾಗಿಲ ಹತ್ತಿರ ಹೋಗಿ ನಿಂತಿತು.

"ಎರಡೂ ಒಂದೇ ಉದ್ದ ಮಾಡಿಯಲ್ಲೋ. ಎಡಗಡಿದು ಗಿಡ್ಡ ಇತ್ತು. ಮ್ಯಾಲ ಇರಲಿಲ್ಲ, ಕೆಳಗ ನನ್ನ ಟೊಂಕದ ಮಟಾನ ಇತ್ತು. ಅದಕ್ಕ ನನಗ ಸಿಕ್ತು."

ಕಾಕಾ ಬ್ಲೇಡನ್ನು ಕೆಳಗಿಟ್ಟ. ಅವನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಡೆಯಲೆಂದು ಬಂದ ಹಳೆಯ ಕಟ್ಟಿಗೆ ಡಬ್ಬಿಗಳಿದ್ದವಂತೆ. ಎಡಗಡೆ ಗಿಡ್ಡ ಹಿಡಿಕೆ ಇದ್ದದ್ದು ಅವಕ್ಕೆ ಮಾತ್ರ. ಅವನೇ ತನ್ನ ಕೈಯಾರೆ ಬಿಚ್ಚಿದ್ದ. "ಇದು ಕಂಡವರಿಗೂ ನೆನಪಿರೂದಿಲ್ಲ ಪಾರಿ," ಎಂದು ನನ್ನ ಕಿವಿಯಲ್ಲಿ ಹೇಳಿದ, "ಜೋತಬಿದ್ದವರಿಗೆ ಅಷ್ಟ ಗೊತ್ತು."

ಅವತ್ತಿನಿಂದ ಎರಡು ತಿಂಗಳು ಆ ಒಂದು ಡಬ್ಬಿ. ಕಾಕಾ ಕೂಡಿಸುವುದು, ಆಯಿ ಮುಟ್ಟಿ ನೋಡುವುದು. "ಇನ್ನೂ ಕೆಳಗ." "ಮೆಟ್ಟಿಲ ಇಷ್ಟ ಅಗಲ ಇರಲಿಲ್ಲೋ, ನನ್ನ ಅರ್ಧ ಹೆಜ್ಜಿ ಹೊರಗ ಉಳೀತಿತ್ತು." "ಹಾಂ, ಈಗ ಆತು ನೋಡು." ಅವಳು ಒಪ್ಪುವ ತನಕ ಬಣ್ಣ ಬಳಿಯುವಂತಿಲ್ಲ, ಅಂಟನ್ನು ಗಟ್ಟಿಯಾಗಿ ಹಾಕುವಂತಿಲ್ಲ ಎಂದು ಕಾಕಾ ನೇಮ ಹಾಕಿಕೊಂಡಿದ್ದ. ಹಿಡಿಕೆಗಳು ಬರಿಯ ಹಿತ್ತಾಳೆಯಾಗಿಯೇ ಉಳಿದು, ಆಯಿಯ ಬೆರಳಿನ ಬೆವರಿಗೆ ದಿನದಿನಕ್ಕೆ ಕಪ್ಪಾದವು. ಖಂಡೇನವಮಿಗೆ ರೋಣ, ನರಗುಂದ, ಅಬ್ಬಿಗೇರಿಯಿಂದ ಬೀಗರು ಬಿಜ್ಜರೆಲ್ಲ ಬರುತ್ತಿದ್ದರು. ಅವರೆಲ್ಲರ ಮುಂದೆ ಡಬ್ಬಿಯನ್ನು ಆಯಿಯ ಕೈಗೆ ಕೊಡುವುದು, ಅವಳ ಬಾಯಿಂದಲೇ ಎಡಗಡೆಯ ಹಿಡಿಕೆಯ ಮಾತು ಹೇಳಿಸುವುದು, ಆಮೇಲೆ ತಾನು ಕಾರ್ಖಾನೆಯ ಸಾಕ್ಷಿ ನುಡಿಯುವುದು. ಇದು ನಮ್ಮ ಮೂವರ ಗುಟ್ಟು.

ನಮ್ಮಲ್ಲಿ ಖಂಡೇನವಮಿಯ ದಿನ ಮನೆಯ ಹತ್ಯಾರವೆಲ್ಲ ತೊಳೆದು ದೇವರ ಜಗಲಿ ಏರಬೇಕು. ಮಗ್ಗದ ಲಾಳಿ, ಕುಡುಗೋಲು, ಈಳಿಗೆ, ತಕ್ಕಡಿ. ಕಾಕಾನ ಚಿಮಟಿಗೆ, ಬೈರಿಗೆಯೂ ಪೂಜೆಗೆ ಇರಲಿ ಎಂದು ನಾನೇ ತಟ್ಟೆಯಲ್ಲಿ ತಂದೆ. ಅವುಗಳ ನಡುವೆ ಡಬ್ಬಿಯನ್ನೂ ಇಟ್ಟೆ. ಹೌದು, ನಾನೇ ಇಟ್ಟೆ. ದೇವರ ಮುಂದೆ ಚಂದ ಕಾಣುತ್ತದೆ ಎಂಬ ಹಿಗ್ಗು. ತಟ್ಟೆಯನ್ನು ಬಚ್ಚಲ ಕಟ್ಟೆಯ ಮೇಲೆ ಬಿಟ್ಟು ಚೆಂಡುಹೂ ಆರಿಸಲು ಓಡಿದೆ. ತಿರುಗಿ ಬರುವಷ್ಟರಲ್ಲಿ ದೊಡ್ಡವ್ವ ಡಬ್ಬಿಗೆ ಹುಣಸೆಹಣ್ಣು, ಬೂದಿ ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿ, ಎರಡು ಚೊಂಬು ನೀರು ಸುರಿದು, ಬಿಸಿಲಿಗೆ ಬೋರಲು ಹಾಕಿದ್ದಳು.

"ಎಷ್ಟ ಕರ್ರಗಾಗಿದ್ದವ ನೋಡಬೇ ಹಿತ್ತಾಳಿ! ಹಬ್ಬದ ದಿನಾ ಹಂಗ ಇಡತಾರೇನು?" ಎಂದಳು. ಅವಳ ಮುಖದಲ್ಲಿ ಭಕ್ತಿಯ ಹೊರತು ಏನೂ ಇರಲಿಲ್ಲ. ಡಬ್ಬಿ ಫಳಫಳ ಹೊಳೆಯುತ್ತಿತ್ತು. ಮೈಮೇಲೆ ಒಂದು ಹಿಡಿಕೆಯೂ ಇಲ್ಲ, ಒಂದು ಮೆಟ್ಟಿಲೂ ಇಲ್ಲ. ನಾನು ಚೀರಿದೆ. ಆಯಿ ಅಷ್ಟರಲ್ಲಿ ಎದ್ದು ಪಡಸಾಲೆಗೆ ಹೋಗಿದ್ದಳು, ಹಿತ್ತಲಿನ ಮಾತು ಅವಳಿಗೆ ಕೇಳಿಸಲಿಲ್ಲ. ದೊಡ್ಡಪ್ಪ ತಕ್ಕಡಿ ಒರೆಸುತ್ತ, "ಆಟಿಗಿ ಸಲುವಾಗಿ ಇಷ್ಟ ಅಳತೀಯೇನ, ಗಾಲಿ ಅದಾವಲ್ಲ, ಓಡತೈತಿ ಬಿಡು," ಎಂದ. ಕಾಕಾ ಬಂದವನು ಬಾಳೆಕಂಬವನ್ನು ಗೋಡೆಗೆ ಆನಿಸಿ, ಬಚ್ಚಲಲ್ಲಿ ಒಂದಿಷ್ಟು ಹೊತ್ತು ಬೂದಿ ಕೆದಕಿದ. ಆಮೇಲೆ ಅತ್ತಿಗೆಗೆ ಹೇಳಿದ್ದಿಷ್ಟೇ: "ಇರಲಿ ಬಿಡ್ರಿ ವೈನಿ, ನಿಮಗ ಹ್ಯಾಂಗ ಗೊತ್ತಾಗಬೇಕು."

ಸಂಜೆ ಪೂಜೆಯಾಯಿತು. ಆಯಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಪಡಸಾಲೆ ತುಂಬ ಬೀಗರು. ಆಯಿ ತಾನಾಗಿಯೇ ಕಾಕಾನನ್ನು ಕೂಗಿ, "ಶಿವ್ಯಾ, ಎಲ್ಲಾರೂ ಬಂದಾರಲ್ಲೋ, ಡಬ್ಬಿ ತಾ," ಎಂದಳು. ಕಾಕಾ ಕೂತಲ್ಲಿಂದ ಏಳಲಿಲ್ಲ. ದೊಡ್ಡಪ್ಪನೇ ಜಗಲಿಯಿಂದ, ವಿಭೂತಿ ಬಡಿದ ಆ ಡಬ್ಬಿಯನ್ನು ತೆಗೆದು ಅವಳ ಉಡಿಯಲ್ಲಿಟ್ಟ. ಆಯಿಯ ಬೆರಳು ಬಾಗಿಲಿಗೆ ಹೋಯಿತು. ಮೇಲೆ ಆಡಿತು, ಕೆಳಗೆ ಆಡಿತು. ನುಣ್ಣನೆ ಗೋಡೆ.

"ಇದು ನಾ ಹತ್ತಿದ ಡಬ್ಬಿ ಅಲ್ಲ," ಎಂದಳು ಆಯಿ.

"ಕೇಳಿದ್ರೇನ್ರಿ ಎಲ್ಲಾರೂ!" ದೊಡ್ಡಪ್ಪ ಚಪ್ಪಾಳೆ ತಟ್ಟಿದ. "ಅಕಿ ಬಾಯಿಲೇ ಬಂತು. ಹತ್ತಿಲ್ಲಂತ!"

ಪಡಸಾಲೆ ಕಿತ್ತುಹೋಗುವಂತೆ ನಕ್ಕರು. ಉಂಡಿ ತಿಂದ ಬಾಯಲ್ಲಿ, ಎಲೆ ಮೆದ್ದ ಬಾಯಲ್ಲಿ, ಆ ಮುದುಕಿಯ ಕೈಯಡುಗೆ ಉಂಡೇ ಬೆಳೆದ ಬಾಯಲ್ಲಿ ನಕ್ಕರು. ನಮ್ಮಪ್ಪನೂ ನಕ್ಕ. ಕಾಕಾ ಎದ್ದು ಏನೋ ಹೇಳಹೋದ. "ನೀ ಕುಂಡ್ರೋ ಗಾರ್ಡಸಾಹೇಬ" ಎಂದು ಯಾರೋ ಕೂಗಿದರು, ಮತ್ತೆ ನಗೆ. ನಿಮ್ಮ ಮನೆಯಲ್ಲೂ ಇಂಥದೊಂದು ನಗೆ ಎದ್ದಿದ್ದರೆ, ಅದು ಯಾರ ಮೇಲೆ ಬಿತ್ತು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಅಂದು ದೊಡ್ಡಪ್ಪನ ಕೈ ಕಚ್ಚಬೇಕಿತ್ತು ನಾನು. ಕಚ್ಚಲಿಲ್ಲ. ಆ ಗಿಡ್ಡ ಹಿಡಿಕೆಯಿಂದ ಆಯಿಯ ಕೈ ಒಂದೇ ಒಂದು ಗಳಿಗೆ ಜಾರಿದ್ದರೆ ಚಪ್ಪಾಳೆ ತಟ್ಟಲು ಆ ಕೈಗಳೇ ಇರುತ್ತಿರಲಿಲ್ಲ ಎಂದು ಕೂಗಿ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ಇಲ್ಲಿ ಹೇಳುತ್ತಿದ್ದೇನೆ, ಕೇಳಬೇಕಾದವರು ಒಬ್ಬರೂ ಇಲ್ಲದಾಗ.

ಆಯಿ ಮತ್ತೆ ಆ ಮಾತು ತೆಗೆಯಲಿಲ್ಲ. ಕಾಕಾ ಬೈರಿಗೆ ಮುಟ್ಟಲಿಲ್ಲ. ಮುಂಬಯಿಯ ಪೊಟ್ಟಣಗಳು ನಿಂತವು.

ಶಿವರಾತ್ರಿಯ ಮರುವಾರ ಆಯಿ ತೀರಿಕೊಂಡಳು. ಹೆಣಕ್ಕೆ ಸ್ನಾನ ಮಾಡಿಸುವ ಮೊದಲು ಅವಳ ಸೆರಗಿನ ತುದಿಯಲ್ಲೊಂದು ಗಂಟು ಕಂಡಿತು. ದೊಡ್ಡಪ್ಪ ಬಿಚ್ಚಿದ. ಹಿತ್ತಾಳೆಯ ಒಂದು ಸಣ್ಣ ತಂತಿ, ಎರಡೂ ತುದಿ ಬಾಗಿದ್ದು. "ಯಾವದೋ ಸೂಜಿ ತುಂಡ," ಎಂದು ಅಂಗಳಕ್ಕೆ ಎಸೆದ. ಅಳುವ ಹೆಂಗಸರ ನಡುವಿನಿಂದ ದೊಡ್ಡವ್ವ ಎದ್ದು ಹೋದಳು. ಮೊಣಕಾಲೂರಿ, ಅಂಗೈಯಿಂದ ಅಂಗಳದ ಮಣ್ಣು ಸವರುತ್ತ ಹುಡುಕಿದಳು. ಸಿಕ್ಕಿತು. ಗಂಡನ ಮುಂದೆ ಬಂದು ನಿಂತಳು. ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದನ್ನು ನಾನು ಅವತ್ತೊಂದೇ ಸಲ ಕಂಡದ್ದು.

"ಸೂಜಿ ಅಲ್ಲರಿ ಇದು. ಬೂದಿ ಚೆಲ್ಲಿದ ತಿಪ್ಪ್ಯಾಗ ನಾಕ ದಿನಾ ಹುಡುಕಿ ನಾನ ಅತ್ತಿ ಕೈಯಾಗ ಕೊಟ್ಟಿದ್ನಿ. ನಿಮ್ಮನ್ನ ಬಗಲಾಗ ಕಟ್ಟಿಕೊಂಡು ಅತ್ತಿ ಜೋತಬಿದ್ದ ಹಿಡಿಕಿ."

ದೊಡ್ಡವ್ವ ಅದನ್ನು ಆಯಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮುಚ್ಚಿದಳು. ಸಂಜೆ ಹಾಗೇ ಮಣ್ಣು ಮಾಡಿ ಬಂದೆವು.