ಪಟ್ಟಿಗೆ ಮೊದಲು ಬರೆಯುವ ಮನೆ

ದಾನ ಕೇಳುವ ಕೆಲಸವನ್ನು ಸಂಬಳಕ್ಕೆ ಮಾಡುವವಳು ನಾನು. ಹೀಗೆ ಹೇಳಿದ ಕೂಡಲೇ ಎದುರಿಗಿದ್ದವರ ಕೈ ತಾನಾಗಿಯೇ ಕಿಸೆಯ ಮೇಲೆ ಹೋಗುತ್ತದೆ. ಹೋಗಲಿ ಬಿಡಿ, ನನಗೆ ರೂಢಿಯಾಗಿದೆ. ಕಲಘಟಗಿಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸಂಸ್ಥೆಯ ತಾಲೂಕು ಕಚೇರಿ. ಸಂಸ್ಥೆ ಮಾತ್ರ ದೊಡ್ಡದು, ರಾಜ್ಯದ ತುಂಬ ಹರಡಿದೆ. ಹಾಸಿಗೆ ಹಿಡಿದವರ ಮನೆಗೇ ನರ್ಸ್ ಕಳಿಸುವುದು ಅದರ ಕೆಲಸ. ನಮ್ಮ ತಾಲೂಕಿನ ಪಾಲಿಗೆ ಇದ್ದದ್ದು ಒಂದು ಗಾಡಿ, ಅದರ ಡ್ರೈವರ್, ಒಬ್ಬ ಸಿಸ್ಟರ್ ಮತ್ತು ಈ ನಾನು. ಗಾಡಿ ದುಮ್ಮವಾಡದ ಕಡೆ ಒಂದು ದಿನ, ಬಮ್ಮಿಗಟ್ಟಿಯ ಕಡೆ ಒಂದು ದಿನ, ತಂಬೂರದ ಕಡೆ ಒಂದು ದಿನ ಎಂದು ವಾರವೆಲ್ಲ ತಿರುಗುತ್ತಿತ್ತು.

ಒಂದು ಡಿಸೆಂಬರಿನಲ್ಲಿ ನಮ್ಮನ್ನೆಲ್ಲ ಹುಬ್ಬಳ್ಳಿಗೆ ಕರೆಸಿದರು. ರಾಜ್ಯಕ್ಕೆಲ್ಲ ಒಂದೇ ದೊಡ್ಡ ದೇಣಿಗೆ ಅಭಿಯಾನ, ಮಾರ್ಚ್ ಮುಗಿಯುವುದರೊಳಗೆ ಹಣ ಕೂಡಬೇಕು. ಅದಕ್ಕೆ ತಾಲೂಕುವಾರು, ಊರುವಾರು ಗುರಿ ಹಾಕುವ ಸಭೆ ಅದು. ಮ್ಯಾನೇಜರು ಮೈಸೂರು ಕಡೆಯ ಹುಡುಗ, ಮಾತು ಮೆದು. ಗೋಡೆಯ ಮೇಲೆ ಒಂದು ತ್ರಿಕೋಣ ತೋರಿಸಿದ. ತುದಿಗೆ ಒಬ್ಬ ದೊಡ್ಡ ದಾನಿ, ಅವನ ಕೆಳಗೆ ಮೂರ್ನಾಲ್ಕು ಜನ, ಅವರ ಕೆಳಗೆ ಹತ್ತಾರು, ಬುಡದಲ್ಲಿ ಊರೆಲ್ಲ. ಆಮೇಲೆ ನಿಯಮ ಹೇಳಿದ. ಗಾಡಿಯ ಒಂದೊಂದು ದಾರಿಯೂ ತನ್ನ ಅರ್ಧ ಖರ್ಚನ್ನು ತನ್ನ ಊರುಗಳಿಂದಲೇ ಎತ್ತಬೇಕು. ಎತ್ತದ ದಾರಿ ನಿಲ್ಲುತ್ತದೆ, ಆ ದಿನದ ಗಾಡಿ ಬೇರೆ ತಾಲೂಕಿಗೆ ಹೋಗುತ್ತದೆ. ಇದನ್ನು ಹೇಳುವಾಗ ಅವನ ಮುಖವೂ ಸಣ್ಣದಾಗಿತ್ತು. ಕೈಯಲ್ಲಿದ್ದ ಹಣವೇ ಅಷ್ಟು, ಅವನೇನು ಮಾಡಿಯಾನು.

ಉಳಿದವರು ತಮಗೆ ತಿಳಿದಂತೆ ಗುರಿ ಹಾಕಿದರು. ನವಲಗುಂದದವರು ಕಡಲೆ ಮಾರಿದ ಮೇಲೆ ಕೇಳುತ್ತೇವೆ ಎಂದರು, ಕುಂದಗೋಳದವರು ಮೆಣಸಿನಕಾಯಿ ಮಾರುಕಟ್ಟೆ ನೋಡಿಕೊಂಡು ಎಂದರು. ಅಣ್ಣಿಗೇರಿಯವರು ಮನೆಗಳನ್ನು ಎಣಿಸಿ ಮನೆಗಿಷ್ಟು ಎಂದು ಭಾಗಿಸಿ ಕೈತೊಳೆದುಕೊಂಡರು. ನನಗೆ ನಗು ಬಂತು. ನಾನು ಹಳ್ಳಿಯಲ್ಲಿ ಹುಟ್ಟಿದವಳು, ಹಳ್ಳಿ ಹೇಗೆ ಕೊಡುತ್ತದೆ ಎಂದು ಬಲ್ಲವಳು.

ನಮ್ಮ ಕಡೆ ಊರಿನ ಯಾವ ಕೆಲಸಕ್ಕೂ ಪಟ್ಟಿ ಹಾಕುತ್ತಾರೆ. ಶಾಲೆಯ ಹಂಚು ಒಡೆದಿರಲಿ, ಬಾವಿಗೆ ಕಟ್ಟೆ ಆಗಬೇಕಿರಲಿ, ಪಟ್ಟಿ ಹಿಡಿದುಕೊಂಡು ಮೊದಲು ಊರಿನ ದೊಡ್ಡ ಮನೆಗೆ ಹೋಗುತ್ತಾರೆ. ಆ ಮನೆಯ ಯಜಮಾನ ತನ್ನ ಹೆಸರಿನ ಮುಂದೆ ಒಂದು ಮೊತ್ತ ಬರೆಯುತ್ತಾನೆ. ಅಲ್ಲಿಗೆ ಊರಿನ ಅಳತೆ ಸಿಕ್ಕಿತು. ಆಮೇಲೆ ಯಾರೂ ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಅದು ಸೊಕ್ಕಾಗುತ್ತದೆ. ತಮ್ಮ ಮನೆಯ ತೂಕಕ್ಕಿಂತ ತೀರ ಕಡಿಮೆಯನ್ನೂ ಬರೆಯುವುದಿಲ್ಲ, ಅದು ನಾಚಿಕೆಯಾಗುತ್ತದೆ. ದೊಡ್ಡ ಮನೆ ಎಷ್ಟು ಬರೆಯಿತು ಎಂದು ಹೇಳಿ, ಊರೆಲ್ಲ ಎಷ್ಟು ಕೊಡುತ್ತದೆ ಎಂದು ನಾನು ಕೂತಲ್ಲೇ ಹೇಳಬಲ್ಲೆ. ಮ್ಯಾನೇಜರನ ತ್ರಿಕೋಣ ನಮ್ಮಜ್ಜಂದಿರಿಗೇ ಗೊತ್ತಿತ್ತು.

ನಾನು ಹಾಗೆಯೇ ಗುರಿ ಹಾಕಿದೆ. ಒಂದೊಂದು ಊರಿನ ದೊಡ್ಡ ಮನೆ ಕಳೆದ ಸಲ ಎಷ್ಟು ಬರೆದಿತ್ತು ಎಂದು ಕೇಳಿ ತಿಳಿದು, ಅದರ ಮೇಲೆ ಲೆಕ್ಕ ಕಟ್ಟಿದೆ. ತಂಬೂರದ ದಾರಿಯಲ್ಲಿ ಒಂದು ಊರಿದೆ, ಅದರ ಹೆಸರು ಇಲ್ಲಿ ಬೇಡ. ಅಲ್ಲಿನ ದೊಡ್ಡ ಮನೆಯ ಯಜಮಾನ ಮುದುಕಪ್ಪ ಕೈಬಿಚ್ಚಿ ಬರೆಯುತ್ತಿದ್ದವರು, ಅವರು ಬರೆದರೆ ಊರಿನ ಉಸಿರೇ ಹಿಗ್ಗುತ್ತಿತ್ತು. ಆ ದಾರಿಯ ಗುರಿಯ ದೊಡ್ಡ ಪಾಲನ್ನು ಆ ಒಂದು ಊರಿನ ಮೇಲೆ ಹೊರಿಸಿದೆ. ಮುದುಕಪ್ಪ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಮಕ್ಕಳಿಬ್ಬರಿದ್ದಾರೆ, ಹೊಲ ಇದೆ, ಕಬ್ಬಿನ ಬಿಲ್ ಬರುತ್ತದೆ, ಮನೆ ಅದೇ ಅಲ್ಲವೇ ಎಂದುಕೊಂಡೆ. ಮ್ಯಾನೇಜರು ನನ್ನ ಲೆಕ್ಕವನ್ನು ಎಲ್ಲರಿಗೂ ತೋರಿಸಿ, ಹೀಗೆ ಹಾಕಬೇಕು ನೋಡಿ ಎಂದ. ಮಧ್ಯಾಹ್ನ ಊಟಕ್ಕೆ ಹೋಳಿಗೆ ಮಾಡಿಸಿದ್ದರು, ನಾನು ಎರಡು ತಿಂದೆ.

ಆ ಊರಿನಲ್ಲಿ ನಮ್ಮ ಗಾಡಿಗೆ ಕಾಯುತ್ತಿದ್ದವಳು ಒಬ್ಬಳೇ, ಟೇಲರನ ಹೆಂಡತಿ. ವಯಸ್ಸು ನಲವತ್ತರ ಆಸುಪಾಸು. ಗೋವಿನಜೋಳ ಮುರಿಯುವ ಕೂಲಿಗೆ ಹೋಗುವಾಗ ಟ್ರ್ಯಾಕ್ಟರಿನ ಟ್ರೇಲರಿನಿಂದ ಬಿದ್ದು ಸೊಂಟದ ಕೆಳಗೆ ಮೈ ಸತ್ತುಹೋಗಿತ್ತು. ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ವಾರಕ್ಕೊಮ್ಮೆ ಸಿಸ್ಟರ್ ಹೋಗಿ ಆ ಹುಣ್ಣನ್ನು ಆಳದವರೆಗೆ ತೊಳೆದು, ಸತ್ತ ಮಾಂಸ ತೆಗೆದು, ಪಟ್ಟಿ ಕಟ್ಟಿ, ಮೂತ್ರದ ನಳಿಕೆ ನೋಡಿ ಬರುತ್ತಿದ್ದಳು. ಅಷ್ಟರಿಂದಲೇ ಆಕೆಯ ಜೀವ ನಿಂತಿತ್ತು. ನಡುವಿನ ದಿನಗಳಲ್ಲಿ ಮೇಲಿನ ಅರಿವೆ ಬದಲಿಸುವುದು ಗಂಡನ ಪಾಲಿನದು. ಒಳಗಿನ ಹುಣ್ಣು ತೊಳೆಯುವುದು ಮಾತ್ರ ಅವನಿಂದಾಗುತ್ತಿರಲಿಲ್ಲ.

"ಹರದ ಅರಿವಿ ಎಂಥಾದ ಇರ್ಲಿ ಹೊಲೀತೀನ್ರಿ ಅಕ್ಕಾರ. ಇದನ್ನ ನೋಡಿದ್ರ ನನ್ನ ಕೈ ನಡಗ್ತಾವು" ಎನ್ನುತ್ತಿದ್ದ.

ಆಕೆಯ ನಾಲಿಗೆ ಮಾತ್ರ ಯಾವ ಬೇನೆಗೂ ಬಗ್ಗಿರಲಿಲ್ಲ. ನಾನು ಹೊಸ್ತಿಲು ದಾಟುವುದೇ ತಡ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಲ್ಲಿಂದಲೇ ಕೇಳುತ್ತಿದ್ದಳು: "ಬಂದ್ರೇನ್ರಿ? ಇವತ್ತ ಯಾರ ಕಿಸೇಕ್ಕ ಕೈ ಹಾಕಿ ಬಂದ್ರಿ?"

"ನಿನ್ನ ಗಂಡನ ಕಿಸೇಕ್ಕ ಹಾಕಿದ್ನೆವಾ, ಬರೇ ದಾರದ ಉಂಡಿ ಸಿಕ್ತು" ಎನ್ನುತ್ತಿದ್ದೆ ನಾನು.

ಆಕೆ ನಕ್ಕರೆ ಹುಣ್ಣು ನೋಯುತ್ತಿತ್ತು, ಸಿಸ್ಟರ್ ನನ್ನನ್ನು ಬೈಯುತ್ತಿದ್ದಳು. ನನಗೆ ಆಕೆ ಬಹಳ ಸೇರುತ್ತಿದ್ದಳು. ದಾನ ಕೇಳುವವರ ಜೊತೆ ಯಾರೂ ಹಾಗೆ ಸರಳವಾಗಿ ಮಾತಾಡುವುದಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಪಟ್ಟಿ ಹಿಡಿದು ಆ ಊರಿನ ದೊಡ್ಡ ಮನೆಗೆ ಹೋದೆ. ಅಂಗಳದ ನಟ್ಟನಡುವೆ ಸಿಮೆಂಟ್ ಇಟ್ಟಿಗೆಯ ಹೊಸ ಗೋಡೆ ಎದ್ದಿತ್ತು. ಅಣ್ಣತಮ್ಮಂದಿರು ಪಾಲಾಗಿದ್ದರು. ತಲೆಬಾಗಿಲು, ದೇವರಮನೆ ಅಣ್ಣನಿಗೆ, ಹಿತ್ತಲು, ಟ್ರ್ಯಾಕ್ಟರು ತಮ್ಮನಿಗೆ. ಪಂಚಾಯ್ತಿ ಮೆಂಬರಿಕೆಯೂ ತಮ್ಮನಿಗೆ ಒಲಿದಿತ್ತು.

ಅಣ್ಣ ಚಹಾ ಕೊಡಿಸಿದ. ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ಓದಿ, ಮಡಚಿ ನನ್ನ ಕೈಗೇ ಕೊಟ್ಟ. "ಭಾಳ ಛಲೋ ಕೆಲಸಾರಿ. ಆದ್ರ ಈಗ ಊರಾಗ ತಮ್ಮನ ಮಾತು ನಡೀತೈತಿ. ಅವ್ರ ಮೊದ್ಲ ಬರೀಲಿ, ಅವ್ರ ಕೆಳಗ ನಾ ಬರೀತೀನಿ."

ಗೋಡೆ ಸುತ್ತಿ ತಮ್ಮನ ಮನೆಗೆ ಹೋದೆ. ಅಲ್ಲಿ ಚಹಾದ ಜೊತೆ ಅವಲಕ್ಕಿ ಚೂಡಾ ಕೂಡ ಬಂತು. "ಅಣ್ಣ ಕುಂತಿರೂವಾಗ ನಾ ಮೊದ್ಲ ಬರದ್ರ ಮಂದಿ ಏನಂದಾರ್ರಿ? ಅವ್ರ ಬರದ ತಾಸಿನಾಗ ನನ್ನ ರೊಕ್ಕ ನಿಮ್ಮ ಕೈಯಾಗ ಇರತೈತಿ" ಎಂದ ತಮ್ಮ.

ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ದಾವೆ ಹಾಕಿಕೊಂಡವರು ಹೀಗೆ ಮರ್ಯಾದೆ ಕೊಟ್ಟುಕೊಳ್ಳುವುದನ್ನು ಕೇಳಿ, ಈ ಪಟ್ಟಿ ಇಲ್ಲೇ ಸಿಕ್ಕಿಬಿತ್ತು ಎಂದುಕೊಂಡೆ. ಮೊದಲು ಬರೆದವನ ಮೊತ್ತ ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯವನು ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಬರೆದರೂ ಮೊದಲಿನವನದು ಸಣ್ಣ ಮನೆ ಎಂದಾಗಿಬಿಡುತ್ತದೆ. ಹಾಗಾಗಿ ಎರಡನೆಯವನಾಗುವುದೇ ಲಾಭ. ಇನ್ನೊಬ್ಬನ ಅಳತೆ ನೋಡಿಕೊಂಡು ಅವನನ್ನು ಎಲ್ಲಿ ಹೊಡೆಯಬೇಕು ಎಂದು ಆರಿಸಿಕೊಳ್ಳಬಹುದು. ಇಬ್ಬರಿಗೂ ಕೊಡುವ ಮನಸ್ಸಿತ್ತು. ಜಿಪುಣರಾಗಿದ್ದರೆ ಬೈದು ಬಂದುಬಿಡುತ್ತಿದ್ದೆ.

ಗೋಡೆಯ ಆಚೆಗೊಮ್ಮೆ ಈಚೆಗೊಮ್ಮೆ ಎಷ್ಟು ಸಲ ತಿರುಗಿದೆನೋ. ತೀರಿಹೋದ ಅಪ್ಪನ ಹೆಸರಿನಲ್ಲಿ ಕೂಡಿ ಕೊಡಿ ಎಂದೆ. ಅಣ್ಣ ಕಣ್ಣೊರೆಸಿಕೊಂಡು ಹೂಂ ಅಂದ, ತಮ್ಮನೂ ಹೂಂ ಅಂದ. ಆಮೇಲೆ ಇಬ್ಬರೂ ಒಂದೇ ಪ್ರಶ್ನೆ ಕೇಳಿದರು: "ಯಾರ ಕೈಲೆ ಕೊಡೂದ್ರಿ?" ಅಲ್ಲಿಗೆ ಆ ಮಾತೂ ಸತ್ತಿತು.

ದೊಡ್ಡ ಮನೆ ಬಿಟ್ಟು ಬೇರೆ ಮನೆಗಳಿಗೆ ಹೋದೆ. ಹಿಟ್ಟಿನ ಗಿರಣಿಯ ಸಾಹೇಬರು ನನ್ನನ್ನು ಕೂರಿಸಿ, ಗಿರಣಿ ಬಂದ್ ಮಾಡಿ ಮಾತಾಡಿದರು. "ರೊಕ್ಕ ಐತ್ರಿ, ಸುಳ್ಳ ಹೇಳಂಗಿಲ್ಲ. ಅವ್ರಿಬ್ರಕಿಂತ ಮೊದ್ಲ ನಾ ಬರದ್ರ ನಾಳಿಂದ ಇಬ್ರೂ ನನ್ನ ಗಿರಣಿಗೆ ಕಾಳ ಕಳಸಂಗಿಲ್ಲ. ಹೆಸರ ಬರೀಬ್ಯಾಡ್ರಿ, ಹಂಗ ತಗೊಂಡ ಹೋಗ್ರಿ."

ಹೆಸರಿಲ್ಲದ ಹಣ ನಾನು ಮುಟ್ಟುವ ಹಾಗಿರಲಿಲ್ಲ. ಪ್ರತಿಯೊಂದಕ್ಕೂ ಹೆಸರು, ಪಾವತಿ ರಸೀದಿ, ಫೋನ್ ನಂಬರ್ ಇರಬೇಕು, ಇಲ್ಲದಿದ್ದರೆ ಆಡಿಟಿನವರು ಕುತ್ತಿಗೆ ಹಿಡಿಯುತ್ತಾರೆ. ಸಾಹೇಬರಿಗೆ ಅದನ್ನು ಹೇಳಿದೆ. ಅವರು ಬೇಸರದಿಂದ ತಲೆಯಾಡಿಸಿ ಗಿರಣಿ ಚಾಲೂ ಮಾಡಿದರು. ಉಳಿದ ಮನೆಗಳದೂ ಅದೇ ಮಾತು, ಅವ್ರ ಬರೀಲಿ ತಡೀರಿ. ಮಾರ್ಚಿನ ಬಿಸಿಲಿನಲ್ಲಿ ಖಾಲಿ ಪಟ್ಟಿ ಹಿಡಿದುಕೊಂಡು ಬಸ್ಸಿಗೆ ಕಾಯುತ್ತ ನಿಂತು, ಆ ಊರಿಗೇ ಬೆಂಕಿ ಹತ್ತಲಿ ಎಂದು ಮನಸ್ಸಿನಲ್ಲಿ ಶಾಪ ಹಾಕಿದ್ದೂ ಉಂಟು.

ಹುಬ್ಬಳ್ಳಿಗೆ ಫೋನ್ ಮಾಡಿದೆ. ಆ ಒಂದು ಊರಿನ ಗುರಿ ಇಳಿಸಿ, ಇಲ್ಲವೇ ಇನ್ನೆರಡು ತಿಂಗಳು ತಡೆಯಿರಿ ಎಂದು ಬೇಡಿಕೊಂಡೆ.

"ಮೇಡಂ, ಆ ಗುರಿ ನಾವು ಹಾಕಿದ್ದಲ್ಲವಲ್ಲ. ನೀವೇ ಹಾಕಿದ್ದು. ಅದನ್ನು ನಂಬಿಯೇ ಉಳಿದ ಊರುಗಳದ್ದು ಕಡಿಮೆ ಮಾಡಿದೆವು" ಎಂದ ಮ್ಯಾನೇಜರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ.

ಬಮ್ಮಿಗಟ್ಟಿ, ದುಮ್ಮವಾಡದ ದಾರಿಗಳು ಉಳಿದವು. ತಂಬೂರದ ದಾರಿ ಹೋಯಿತು.

ಕೊನೆಯ ಸಲ ಗಾಡಿಯ ಜೊತೆ ನಾನೂ ಹೋದೆ. ಸಿಸ್ಟರ್ ಟೇಲರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಣ್ಣು ತೊಳೆಯುವುದನ್ನು ಕಲಿಸಿದಳು. ಅವನು ಹಲ್ಲು ಕಚ್ಚಿ ನೋಡಿದ, ಒಮ್ಮೆ ಎದ್ದು ಹೊರಗೆ ಹೋಗಿ ವಾಂತಿ ಮಾಡಿ ಬಂದ, ಮತ್ತೆ ಕೂತ. ಔಷಧ, ಹತ್ತಿ, ಕೈಗವಸು ಎಲ್ಲ ಒಂದು ಚೀಲದಲ್ಲಿ ತುಂಬಿಟ್ಟೆವು. ಹುಬ್ಬಳ್ಳಿಯ ಆಸ್ಪತ್ರೆಗೆ ಆಗಾಗ ಕರೆದುಕೊಂಡು ಹೋಗು ಎಂದು ಹೇಳಿದೆವು. ಮಲಗಿಸಿಕೊಂಡು ಹೋಗುವ ಗಾಡಿಗೆ ಅವನ ಎಷ್ಟು ದಿನದ ದುಡಿಮೆ ಬೇಕೆಂದು ನಮಗೆ ಗೊತ್ತಿದ್ದೂ ಹೇಳಿದೆವು.

ಆಕೆ ಆ ದಿನ ಕಿಸೆಯ ಮಾತೆತ್ತಲಿಲ್ಲ. ಹೊರಡುವಾಗ ನನ್ನ ಸೆರಗು ಹಿಡಿದಳು.

"ಅಕ್ಕಾರ, ಊರಾಗ ನನ್ನ ಹೆಸರ ಹೇಳಿ ಕೇಳಿದ್ರೇನು?"

"ಇಲ್ಲವ್ವಾ. ತಾಲೂಕಿನ ಗಾಡಿಗೆ ಅಂತ ಕೇಳಿದ್ದು. ಯಾರ ಹೆಸರೂ ಹೇಳಿಲ್ಲ."

"ಛಲೋ ಆತ ಬಿಡ್ರಿ" ಎಂದಳು. "ನನ್ನ ಹೆಸರ್ಲೆ ಕೇಳಿ ಇಲ್ಲಂದಿದ್ರ, ಈ ಊರಾಗ ಹೆಂಗ ಇರ್ಲಿ ನಾ?"

ನಾನು ಅವತ್ತು ಗಾಡಿಯಲ್ಲಿ ಅತ್ತೆ. ಸಿಸ್ಟರ್ ಕಿಟಕಿಯಾಚೆ ನೋಡುತ್ತ ಕುಳಿತಳು, ಸಮಾಧಾನ ಮಾಡಲಿಲ್ಲ. ಆಕೆಗೆ ನನ್ನ ಮೇಲೆ ಸಿಟ್ಟಿತ್ತು, ಇರಬೇಕಾದದ್ದೇ.

ಮಳೆಗಾಲದಲ್ಲಿ ಟೇಲರನ ಹೆಂಡತಿಯ ಹುಣ್ಣಿಗೆ ಕೀವು ತುಂಬಿ ಜ್ವರ ಏರಿತು. ಮೂರು ಹಳ್ಳ ದಾಟಿ ಹುಬ್ಬಳ್ಳಿಗೆ ಒಯ್ದರಂತೆ, ಅಲ್ಲಿ ಆಕೆ ಬಹಳ ದಿನ ಬದುಕಲಿಲ್ಲ. ಸುದ್ದಿ ಬಂದಾಗ ನಾನು ಮಣ್ಣಿಗೆ, ಹೂಳುವ ಹೊತ್ತಿಗೆ, ಹೋದೆ.

ಆ ಊರಿನಲ್ಲಿ ಸಾವಿನ ಮನೆಗೆ ಪಟ್ಟಿ ಹಾಕುವುದಿಲ್ಲ. ಅಂಗಳದಲ್ಲಿ ಒಂದು ಅರಿವೆ ಹಾಸಿರುತ್ತಾರೆ. ಬಂದವರು ಬಗ್ಗಿ, ಮುಚ್ಚಿದ ಮುಷ್ಟಿಯಿಂದ ಕೈಲಾದದ್ದನ್ನು ಅದರ ಮೇಲೆ ಬಿಟ್ಟು ಸರಿಯುತ್ತಾರೆ. ಯಾರು ಎಷ್ಟು ಬಿಟ್ಟರೆಂದು ನೋಡುವುದು ಅಲ್ಲಿ ಪಾಪ. ಗಿರಣಿಯ ಸಾಹೇಬರು ಬಂದರು. ಅಣ್ಣ ಬಂದ, ಅವನ ಹಿಂದೆಯೇ ತಮ್ಮನೂ ಬಂದ. ಇಬ್ಬರೂ ಒಂದೇ ಹೊತ್ತಿಗೆ ಬಗ್ಗಿದರು, ಅವರ ತಲೆಗಳು ಇನ್ನೇನು ತಾಕುವಷ್ಟು ಹತ್ತಿರವಿದ್ದವು. ಊರಿಗೆ ಊರೇ ಬಂತು. ಅರಿವೆಯ ಮೇಲೆ ನೋಟುಗಳು ಗುಡ್ಡೆಯಾದವು. ನಾನು ಕಂಬ ಹಿಡಿದುಕೊಂಡು ನಿಂತು ನೋಡಿದೆ. ದುಃಖಕ್ಕಿಂತ ಹೆಚ್ಚಾಗಿ ಆ ಜನರ ಮೇಲೆ, ನನ್ನ ಮೇಲೆ, ಹೋಳಿಗೆ ಉಣ್ಣಿಸಿದ ಆ ಸಭೆಯ ಮೇಲೆ ಸಿಟ್ಟು ಬರುತ್ತಿತ್ತು.

ದಿನಕರ್ಮ ಮುಗಿದ ಮೇಲೆ ಟೇಲರ ಬಸ್ಸಿನಲ್ಲಿ ಕಲಘಟಗಿಗೆ ಬಂದ. ಖರ್ಚು ಕಳೆದು ಉಳಿದದ್ದನ್ನೆಲ್ಲ ಅದೇ ಅರಿವೆಯಲ್ಲಿ ಗಂಟು ಕಟ್ಟಿ ತಂದಿದ್ದ. ಇಟ್ಟುಕೋ, ನಿನಗೇ ಬೇಕಾಗುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಆಕಿ ಸತ್ತಿದ್ದಕ್ಕ ಬಂದ ರೊಕ್ಕಾರಿ ಇದು. ಇದರಾಗ ನಾ ಉಣ್ಣಂಗಿಲ್ಲ. ಗಾಡಿಗೆ ಹಚ್ಚ್ರಿ. ಆಕಿ ಹೆಸರ್ಲೆ ಪಾವತಿ ಹರೀರಿ."

ನಾನು ಆಕೆಯ ಹೆಸರು ಬರೆದು ಪಾವತಿ ಹರಿದುಕೊಟ್ಟೆ. ಹಣವನ್ನು ಹುಬ್ಬಳ್ಳಿಗೆ ಕಳಿಸಿ, ಎಲ್ಲಿಂದ ಬಂತೆಂದು ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ಮ್ಯಾನೇಜರನ ಫೋನ್ ಬಂತು. ಪಾಪ, ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ತಡವಾದರೂ ಆ ಊರು ಗುರಿಯ ಹತ್ತಿರಕ್ಕೆ ಬಂದಿದೆ, ಮೇಲಿನವರ ಜೊತೆ ತಾನೇ ಮಾತಾಡಿದ್ದಾಯಿತು, ತಂಬೂರದ ದಾರಿಗೆ ಗಾಡಿ ಮತ್ತೆ ಬಿಡುತ್ತಾರೆ ಎಂದ. ಕಾಗದಪತ್ರ ಈಗಲೇ ತುಂಬಿಬಿಡೋಣ ಎಂದು ಒಂದೊಂದೇ ಊರು ಓದುತ್ತ ಹೋದ, ನಾನು ಅಲ್ಲಿನ ರೋಗಿಗಳ ಸಂಖ್ಯೆ ಹೇಳುತ್ತ ಹೋದೆ.

"ಆಮೇಲೆ ನಮ್ಮ ಈ ಊರು, ಮೇಡಂ. ಹಣ ಕೊಟ್ಟ ಊರು. ಇಲ್ಲಿ ಎಷ್ಟು ಜನ ಕಾಯ್ತಾ ಇದ್ದಾರೆ?"

"ಅಲ್ಲಿ ಯಾರೂ ಇಲ್ರಿ" ಎಂದೆ. "ಒಬ್ಬಾಕಿ ಇದ್ಲು. ಆಕಿ ಮಣ್ಣಿನಾಗ ಕೂಡಿದ ರೊಕ್ಕಾರಿ ಅದು."