ಬಂದರೆ ಒಂದು, ಹೋದರೆ ಎರಡು

ಎಲ್ಲರೂ ಅವನನ್ನು ಛತ್ರಿಯಣ್ಣ ಎಂದೇ ಕರೆಯುತ್ತಿದ್ದರು. ಮನೆ ಮನೆಯ ತಾರಸಿ ಹತ್ತಿ ಡಿಶ್ ಎಂಬ ತಗಡಿನ ಛತ್ರಿ ಕೂರಿಸುವುದು ಅವನ ಕಸುಬು. ಛತ್ರಿ ಎಂದರೆ ನಯವಂಚಕ ಎನ್ನುವ ಇನ್ನೊಂದು ಅರ್ಥವೂ ಇದೆಯಲ್ಲ, ಆ ಅರ್ಥದಲ್ಲಿ ಅವನು ಛತ್ರಿಯಲ್ಲವೇ ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಬೋಲ್ಟನ್ನೂ ಸಡಿಲ ಬಿಟ್ಟು ಕೆಳಗಿಳಿದವನಲ್ಲ. ಒಂದೇ ಒಂದು ವಿಷಯದಲ್ಲಿ ಮಾತ್ರ ಎರಡು ವರ್ಷದಿಂದ ಎಲ್ಲರಿಗೂ ಟೋಪಿ ಹಾಕಿಕೊಂಡು ಬಂದಿದ್ದ. ಅವನಿಗೆ ಕಿವಿ ಮಂದವಾಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಕೆಲಸದಲ್ಲಿ ಕಿವಿಯದೇನು ಪಾತ್ರ ಎನ್ನಬೇಡಿ. ಆಕಾಶದಲ್ಲಿ ಉಪಗ್ರಹಗಳು ಅಕ್ಕಪಕ್ಕದ ಮನೆಗಳ ಹಾಗೆ ಇರುತ್ತವೆ. ಛತ್ರಿ ಕೂದಲೆಳೆಯಷ್ಟು ಆಚೀಚೆ ತಿರುಗಿದರೂ ನೆರೆಮನೆಯ ಬಾಗಿಲು ತಟ್ಟಿದಂತೆಯೇ. ಕೈಯಲ್ಲಿರುವ ಮೀಟರಿನ ಮುಳ್ಳು ಯಾವ ಮನೆಯಾದರೂ ಕುಣಿಯುತ್ತದೆ, ಅದಕ್ಕೆ ನಾಚಿಕೆಯಿಲ್ಲ. ಹಾಗಾಗಿ ಕೆಳಗೆ ಟಿವಿ ಮುಂದೆ ಒಬ್ಬರು ನಿಂತು ‘ಬಂತು’, ‘ಹೋಯ್ತು’ ಎಂದು ಕೂಗಲೇಬೇಕು. ಒಬ್ಬರೇ ಹೋಗಿ ಮುಗಿಸಿ ಎಂದು ಕಂಪನಿ ಹೇಳಿದ ಮೇಲೆ ಆ ಕೆಲಸ ಮನೆಯವರ ಪಾಲಿಗೆ ಬಂದಿತ್ತು. ಹಿಂದೊಮ್ಮೆ ಮಾವ ಹಾಸಿಗೆ ಹಿಡಿದಿದ್ದ ಮನೆಯಲ್ಲಿ ಸೊಸೆ ‘ಅಯ್ಯೋ, ಹೋಯ್ತು! ಹೋಯ್ತು!’ ಎಂದು ಕೂಗಿದ್ದೇ ತಡ, ಬೀದಿಯವರೆಲ್ಲ ಅಳುಮೋರೆ ಹೊತ್ತು ಓಡಿ ಬಂದಿದ್ದರು. ಮಾವನೇ ಎದ್ದು ಕೂತು, “ಏನ್ರೋ ಹೋಯ್ತು?” ಎಂದು ಕೇಳಿದ್ದರು.

ಕಿವಿ ಕೈಕೊಟ್ಟದ್ದು ಅವನಿಗೆ ತಿಳಿದದ್ದೂ ಮೀಟರಿನಿಂದಲೇ. ಸಿಗ್ನಲ್ ಹತ್ತಿರವಾದಷ್ಟೂ ಅದು ತೆಳುವಾಗಿ ‘ಕೀ’ ಎನ್ನುತ್ತದೆ. ಒಂದು ದಿನ ಅನ್ನಲಿಲ್ಲ. ಮೀಟರು ಸತ್ತಿತು ಎಂದು ರಿಪೇರಿ ಅಂಗಡಿಗೆ ಒಯ್ದ. ರಿಪೇರಿಯವನು ಅದನ್ನು ಆನ್ ಮಾಡಿ ಕಿವಿ ಮುಚ್ಚಿಕೊಂಡ.

“ಅಣ್ಣಾ, ಇದು ಕಿವಿ ತೂತಾಗೋ ಹಾಗೆ ಕಿರುಚ್ತಿದೆಯಲ್ಲ!”

“ಹೌದಲ್ಲ, ಈಗ ಸರಿಹೋಯ್ತು ನೋಡು,” ಎಂದು ಮೀಟರು ಕಸಿದುಕೊಂಡು ಬಂದುಬಿಟ್ಟ.

ಆಮೇಲೆ ಮನುಷ್ಯರ ದನಿಯೂ ಸವೆಯತೊಡಗಿತು. ಬಲಗಿವಿ ಹೆಚ್ಚುಕಡಿಮೆ ಮುಚ್ಚಿಯೇ ಹೋಯಿತು. ‘ಬರ್ತಿದೆ’ಗೂ ‘ಬರ್ತಿಲ್ಲ’ಕ್ಕೂ ಮೂರು ಮಹಡಿಯ ಮೇಲೆ ಏನು ವ್ಯತ್ಯಾಸ? ಬರ್ತಿದೆ ಎಂದುಕೊಂಡು ಬೋಲ್ಟ್ ಬಿಗಿದು ಇಳಿದರೆ ಟಿವಿಯಲ್ಲಿ ಬರೀ ನೀಲಿ ಪರದೆ. ಮತ್ತೆ ಹತ್ತು, ಮತ್ತೆ ಇಳಿ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ನೋಡಿದ. ಅದು ಮೂರನೇ ಮಹಡಿಯಿಂದ ಹಾರಿ ಕೆಳಗಿನ ಮನೆಯವರ ಬಕೆಟ್ಟಿಗೆ ಬಿತ್ತು. “ಕೆಲಸ ಗೊತ್ತಿಲ್ದೋರನ್ನ ಕಳಿಸ್ತೀರಿ” ಎಂದು ಎರಡು ಮನೆಯವರು ಕಂಪನಿಗೆ ದೂರಿದರು. ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಈ ಮಾತು!

“ಇನ್ನೊಂದು ಕಂಪ್ಲೇಂಟ್ ಬಂದ್ರೆ ಟೂಲ್ ಬ್ಯಾಗ್ ಇಲ್ಲಿಟ್ಟು ಹೊರಡಿ,” ಎಂದ ಸೂಪರ್‌ವೈಸರ್.

ಮಾರನೆಯ ದಿನದ ಮನೆ ಟೈಲರಮ್ಮನದು. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಮಿಷನ್ನು, ಅರ್ಧ ಹೊಲಿದ ರವಿಕೆಗಳು, ಬಟ್ಟೆ ಕತ್ತರಿಸುವ ಉದ್ದನೆಯ ಕಪ್ಪು ಮೇಜು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದ ಆಕೆ ಅವನು ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಕೊನೆಗೆ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು ಮೇಜಿನ ಮೇಲೇ ಬರೆದಳು: ‘ಗಂಟಲು ಆಪರೇಷನ್ ಆಗಿದೆ. ಮಾತು ಬರಲ್ಲ. ಮನೇಲಿ ಒಂದು ದನಿ ಇರಲಿ ಅಂತ ಟಿವಿ.’

ಛತ್ರಿಯಣ್ಣ ಅದನ್ನು ಎರಡು ಸಲ ಓದಿದ. ಹೋಗಿ ಹೋಗಿ ಇವತ್ತೇ ಈ ಮನೆಯೇ! ಸುಮ್ಮನೆ ಮೇಲೆ ಹೋಗಿ ಛತ್ರಿ ನಿಲ್ಲಿಸಿದ. ಒಂದಿಷ್ಟು ತಿರುಗಿಸಿದ, ಇಳಿದು ನೋಡಿದ, ನೀಲಿ. ಹತ್ತಿದ, ತಿರುಗಿಸಿದ, ಇಳಿದ, ನೀಲಿ. ಐದನೇ ಸಲ ಇಳಿದವನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತ.

“ತಪ್ಪು ತಿಳ್ಕೋಬೇಡಿ ಅಮ್ಮ,” ಎಂದ. “ನಿಮಗೆ ಮಾತು ಬರಲ್ಲ ಅಂತಲ್ಲ. ನೀವು ಕೂಗಿದ್ರೂ ನನಗೆ ಕೇಳಿಸ್ತಿರ್ಲಿಲ್ಲ. ನನ್ನ ಕಿವಿ ಹೋಗಿದೆ.”

ಆ ಮಾತು ಬಾಯಿಂದ ಹೊರಗೆ ಬಿದ್ದದ್ದು ಅದೇ ಮೊದಲು. ಹೆಂಡತಿಗೂ ಹೇಳದಿದ್ದುದನ್ನು ಗುರುತು ಪರಿಚಯವಿಲ್ಲದ ಹೆಂಗಸಿಗೆ ಹೇಳಿಬಿಟ್ಟಿದ್ದ. ಟೈಲರಮ್ಮ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಭುಜ ಕುಣಿಸುತ್ತ ನಕ್ಕಳು, ಸದ್ದಿಲ್ಲದ ನಗು. ಅವನಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಆಕೆ ದೊಡ್ಡ ಕತ್ತರಿ ಎತ್ತಿಕೊಂಡು ಕಿಟಕಿಯಾಚೆ ಕೈಚಾಚಿ ತೋರಿಸಿದಳು. ತಾರಸಿಯ ಟ್ಯಾಂಕಿನಿಂದ ನೀರಿಳಿಯುವ ಕಬ್ಬಿಣದ ಪೈಪು ಅಲ್ಲಿಂದಲೇ ಹಾದುಹೋಗಿತ್ತು. ಕತ್ತರಿಯಿಂದ ಅದಕ್ಕೊಂದು ಪೆಟ್ಟು ಕೊಟ್ಟು ಮೇಜಿನ ಮೇಲೆ ಬರೆದಳು: ‘ಬಂದರೆ ಒಂದು. ಹೋದರೆ ಎರಡು.’

ಅವನು ಮೇಲೆ ಹೋಗಿ ಒಂದು ಕೈ ಛತ್ರಿಯ ಮೇಲೆ, ಒಂದು ಕೈ ಪೈಪಿನ ಮೇಲೆ ಇಟ್ಟ. ಮೆಲ್ಲಗೆ ತಿರುಗಿಸಿದ. ಅಂಗೈಯಲ್ಲಿ ಟಣ್ ಎಂದಿತು. ಇನ್ನಷ್ಟು ತಿರುಗಿಸಿದ. ಟಣ್ ಟಣ್. ಓಹೋ, ದಾಟಿತು! ಹಿಂದಕ್ಕೆ ತಂದ. ಈಗ ಪೆಟ್ಟು ಬೇಗ ಬೇಗ ಬೀಳತೊಡಗಿತು. ಪರದೆಯ ಮೇಲಿನ ಸಿಗ್ನಲ್ ಪಟ್ಟಿ ಏರಿದಂತೆಲ್ಲ ಆಕೆ ಮಿಷನ್ ತುಳಿದ ಹಾಗೆ ಒಂದೇ ಸಮ ಬಡಿಯುತ್ತಿದ್ದಳು. ಅದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಡಿತ ಅತಿ ಜೋರಾದ ಜಾಗದಲ್ಲಿ ಬೋಲ್ಟ್ ಬಿಗಿದ. ಎರಡು ವರ್ಷದಿಂದ ಒಂದು ಛತ್ರಿಯೂ ಇಷ್ಟು ಕರಾರುವಾಕ್ಕಾಗಿ ಕೂತಿರಲಿಲ್ಲ. ಟ್ಯಾಂಕಿನ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡೇ ಕೆಳಗಿಳಿದ.

ಆದರೆ ಗಂಡಾಂತರ ಇನ್ನೂ ಮುಗಿದಿರಲಿಲ್ಲ. ಕೆಲಸ ಮುಗಿದ ಕೂಡಲೇ ಕಂಪನಿಯ ಹುಡುಗಿ ಗ್ರಾಹಕರಿಗೆ ಫೋನ್ ಮಾಡಿ, ಸರಿಯಾಗಿ ಬರ್ತಿದೆಯಾ ಎಂದು ಕೇಳುತ್ತಾಳೆ. ಉತ್ತರ ಬರದಿದ್ದರೆ ಅದೂ ಕಂಪ್ಲೇಂಟೇ. ಕೆಲಸದವನು ಬಾಯಿ ಹಾಕುವಂತಿಲ್ಲ. ಅವನು ವೈರು ಸುತ್ತುತ್ತಿರುವಾಗಲೇ ಮೇಜಿನ ಮೇಲಿನ ಫೋನು ಮಿಣುಕಿತು. ಟೈಲರಮ್ಮ ಫೋನ್ ನೋಡಿದಳು, ಬೆವೆತುಹೋದ ಅವನ ಮುಖ ನೋಡಿದಳು. ಟಿವಿಯ ಸೌಂಡು ಪೂರ್ತಿ ಏರಿಸಿ ಫೋನನ್ನು ಅದರ ಬಾಯಿಗೇ ಹಿಡಿದಳು. ಯಾರೋ ಹವಾಮಾನ ವರದಿ ಓದುತ್ತಿದ್ದುದು ಛತ್ರಿಯಣ್ಣನ ಬಲಗಿವಿಗೂ ತಟ್ಟಿತು. ಆ ಕಡೆಯ ಹುಡುಗಿ ಏನೆಂದಳೋ ಗೊತ್ತಾಗಲಿಲ್ಲ. ಟೈಲರಮ್ಮ ಫೋನಿಗೆ ಕಿವಿಗೊಟ್ಟು ಕೇಳಿ, ಅದನ್ನಿಟ್ಟು ಚಾಕ್ ಎತ್ತಿಕೊಂಡಳು: ‘ಸರಿಯಾಗಿದೆ ಅಂತ ಬರ್ಕೊಂಡ್ಲು. ಸೌಂಡ್ ಕಮ್ಮಿ ಮಾಡಿ ಅಂದ್ಲು.’

ಅವನು ಎರಡೂ ಕೈ ಜೋಡಿಸಿದ.

ಮರುದಿನ ಬೆಳಿಗ್ಗೆ ಅವನೇ ಹೋಗಿ ಸೂಪರ್‌ವೈಸರ್ ಮುಂದೆ ನಿಂತು ಎಲ್ಲ ಹೇಳಿದ.

“ಇಷ್ಟು ದಿನ ಯಾಕ್ರೀ ಬಾಯಿ ಬಿಡ್ಲಿಲ್ಲ?”

“ಕೆಲಸ ಹೋಗುತ್ತೆ ಅಂತ ಸಾರ್.”

ಸೂಪರ್‌ವೈಸರ್ ಆಫೀಸಿನ ತಾರಸಿಯ ಛತ್ರಿಯನ್ನು ಬೇಕೆಂದೇ ತಿರುಗಿಸಿಟ್ಟು ಇವನನ್ನು ಮೇಲೆ ಕಳಿಸಿದ. ತಾನೇ ಸ್ಪ್ಯಾನರ್ ಹಿಡಿದು ಮೆಟ್ಟಿಲಿನ ಕಬ್ಬಿಣದ ಕಂಬಿ ಬಡಿಯುತ್ತ ಕೆಳಗೆ ನಿಂತ. ಒಂಬತ್ತು ನಿಮಿಷಕ್ಕೆ ಚಿತ್ರ ಬಂತು. “ಇಳೀರಿ,” ಎಂದು ಕೈಯಾಡಿಸಿದ. “ಮಧ್ಯಾಹ್ನ ಎರಡು ಮನೆ ಇದೆ. ಮೊದಲು ಕಿವಿ ಡಾಕ್ಟರ್‌ಗೆ ತೋರಿಸ್ಕೊಳ್ಳಿ.”

ಊಟಕ್ಕೆ ಮನೆಗೆ ಬಂದಾಗ ಹೆಂಡತಿ ಬಟಾಣಿ ಬಿಡಿಸುತ್ತಿದ್ದಳು. ಅವನು ಪಕ್ಕದಲ್ಲಿ ಕೂತು, “ಎರಡು ವರ್ಷದಿಂದ ನಿನ್ನ ಹತ್ರ ಒಂದು ವಿಷಯ ಮುಚ್ಚಿಟ್ಟಿದ್ದೆ,” ಎಂದ.

“ಕಿವಿ ವಿಷಯ ತಾನೆ?” ಎಂದಳು ಅವಳು, ತಲೆಯೆತ್ತದೆ.

“ನಿನಗೆ ಗೊತ್ತಿತ್ತಾ?”

“ಫ್ಯಾನ್ ಗಾಳಿ ಆಗಲ್ಲ ಅಂತ ನಾನು ಮಂಚದ ಈ ಕಡೆಗೆ ಬಂದೆನಲ್ಲ, ಅದು ಫ್ಯಾನಿಗೇ ಅಂದ್ಕೊಂಡ್ರಾ? ರಸ್ತೇಲೂ ನಿಮ್ಮ ಎಡಗಡೇನೇ ನಡೀತೀನಿ. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ.”

ಹೌದು, ಈಗಲೂ ಅವಳು ಅವನ ಎಡಕ್ಕೇ ಸರಿದು ಕೂತಿದ್ದಳು. ಈ ಎರಡು ವರ್ಷ ಮನೆಯಲ್ಲಿ ಒಂದು ಮಾತೂ ತನ್ನ ಕಿವಿ ತಪ್ಪಿ ಹೋಗದಿದ್ದದ್ದು ಯಾರ ಪುಣ್ಯ ಎಂದು ಅವನಿಗೆ ಆಗ ತಿಳಿಯಿತು. ಅದನ್ನೇ ಹೇಳಲು ಹೊರಟ. ಬಟಾಣಿ ಸಿಪ್ಪೆ ನೋಡುತ್ತ ಮೆಲ್ಲಗೆ ಏನೋ ಗೊಣಗಿದ.

ಅವಳು ಕಿವಿಗೆ ಕೈ ಆನಿಸಿಕೊಂಡು ಹತ್ತಿರ ಬಾಗಿದಳು.

“ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ, ನನಗೆ ಕೇಳಿಸ್ಲಿಲ್ಲ.”